ಹಿತ್ತಲ ಕೋಳಿ: ಮೊಟ್ಟೆಗೋ ಮರಿಗೋ?

2019ರಲ್ಲಿ ನಡೆದ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿದ್ದ ಸುಮಾರು 85 ಕೋಟಿ ಸಾಕುಹಕ್ಕಿಗಳ ಪೈಕಿ 31.7 ಕೋಟಿ ಹಕ್ಕಿಗಳು ಫಾರಂಗಳಲ್ಲಿರದೆ ಮನೆಗಳ ಹಿತ್ತಲು, ಕೊಟ್ಟಿಗೆ, ತಿಪ್ಪೆಗಳ ಆಸರೆಯಲ್ಲಿ ಬದುಕಿದಂಥವು. 2012ರ ಗಣತಿಗೆ ಹೋಲಿಸಿದರೆ ಫಾರಂ ಹಕ್ಕಿಗಳ ಸಂಖ್ಯೆ ಶೇಕಡಾ 4.5ರಷ್ಟು ಮಾತ್ರ ಹೆಚ್ಚಿದ್ದರೆ, ಹಿತ್ತಲ ಹಕ್ಕಿಗಳ ಸಂಖ್ಯೆ ಸುಮಾರು ಶೇಕಡಾ 46ರಷ್ಟು ಏರಿತ್ತು. ಮೂಲೆಯಂಗಡಿಯಲ್ಲೂ ಮೊಟ್ಟೆ ಸಿಗುವ ಕಾಲದಲ್ಲಿ ಜನ ಮನೆಯಲ್ಲಿ ಕೋಳಿ ಸಾಕಲು ಮುಂದಾಗುವುದೇಕೆಂಬ ಪ್ರಶ್ನೆಗೆ ನಾಟಿ ಕೋಳಿಯ ರುಚಿ, ಕೈಖರ್ಚಿನ ಕಾಸು, ಮಕ್ಕಳ ಪೌಷ್ಟಿಕತೆ ಎಂಬ ಉತ್ತರಗಳು ಸಾಮಾನ್ಯವಾಗಿ ಬರುತ್ತವೆ. ಇವು ಸುಳ್ಳಲ್ಲ, ಆದರೆ ಈ ಎಲ್ಲ ಲಾಭಗಳೂ ಆ ಹಕ್ಕಿಯ ದೇಹಧರ್ಮದಿಂದಲೇ ಹುಟ್ಟುವಂಥವಾದ್ದರಿಂದ, ಕೋಳಿ ಸಾಕುವ ನಿರ್ಧಾರವನ್ನು ಅರಿಯಲು ಮೊದಲು ಕೋಳಿಯನ್ನೇ ಅರಿಯಬೇಕಾಗುತ್ತದೆ.

ಸಾಕುಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ. ಎಂಟುನೂರಕ್ಕೂ ಹೆಚ್ಚು ಹಕ್ಕಿಗಳ ವಂಶವಾಹಿಗಳನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವು ನೈಋತ್ಯ ಚೀನಾ, ಮ್ಯಾನ್ಮಾರ್ ಮತ್ತು ಉತ್ತರ ಥಾಯ್ಲೆಂಡ್‌ಗಳಲ್ಲಿ ವಾಸಿಸುವ ಅದರ ಒಂದು ಉಪಜಾತಿಯನ್ನು ಸಾಕುಕೋಳಿಯ ಮುಖ್ಯ ಪೂರ್ವಜವೆಂದು ಗುರುತಿಸಿತು. ಖಚಿತವಾಗಿ ಸಾಕುಕೋಳಿಯದೆನ್ನಬಹುದಾದ ಅತ್ಯಂತ ಹಳೆಯ ಮೂಳೆಗಳು ಮಧ್ಯ ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿದ್ದು, ಅವು ಕ್ರಿಸ್ತಪೂರ್ವ 1650ರಿಂದ 1250ರ ನಡುವಿನವೆಂದು 2022ರ ಸಂಶೋಧನೆ ತಿಳಿಸುತ್ತದೆ. ಮಳೆಯಾಶ್ರಿತ ಭತ್ತ ಮತ್ತು ಸಿರಿಧಾನ್ಯಗಳ ಕೃಷಿ ಹರಡಿದಂತೆ, ಹೊಲದಲ್ಲೂ ಕಣದಲ್ಲೂ ಉದುರಿದ ಕಾಳಿನ ಆಸೆಗೆ ಕಾಡುಕೋಳಿಗಳು ಊರಂಚಿಗೆ ಬಂದವೆಂಬುದು ಆ ಸಂಶೋಧಕರ ವಿವರಣೆ. ಅಂದರೆ ಮನುಷ್ಯ ಕೋಳಿಯನ್ನು ಹಿಡಿದು ತಂದನೆನ್ನುವುದಕ್ಕಿಂತ ಕೋಳಿಯೇ ಮನುಷ್ಯನ ಹಿತ್ತಲನ್ನು ಹುಡುಕಿಕೊಂಡು ಬಂದಿತೆನ್ನುವುದು ಹೆಚ್ಚು ಸರಿ. ಈ ವಂಶಾವಳಿಯಲ್ಲಿ ಕರ್ನಾಟಕಕ್ಕೂ ಒಂದು ಪಾಲುಂಟು. ಅನೇಕ ಸಾಕುಕೋಳಿಗಳ ಕಾಲು ಮತ್ತು ಚರ್ಮಕ್ಕೆ ಹಳದಿ ಬಣ್ಣ ಕೊಡುವ ವಂಶವಾಹಿ ಕೆಂಪು ಕಾಡುಕೋಳಿಯಿಂದ ಬಂದುದಲ್ಲ, ಪಶ್ಚಿಮಘಟ್ಟದ ಕಾಡುಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯ ಸಂಕರದಿಂದ ಬಂದುದೆಂದು 2008ರಲ್ಲಿ ಗೊತ್ತಾಯಿತು.

ಕಾಡಿನಿಂದ ತಂದ ಮೇವಿನ ಪದ್ಧತಿಯನ್ನು ಕೋಳಿ ಇಂದಿಗೂ ಬಿಟ್ಟಿಲ್ಲ. ಅದು ಕಾಲಿನಿಂದ ನೆಲವನ್ನು ಎರಡು ಸಲ ಕೆದರಿ, ಒಂದು ಹೆಜ್ಜೆ ಹಿಂದೆ ಸರಿದು, ಬಗೆದ ಮಣ್ಣನ್ನು ಓರೆಗಣ್ಣಿನಿಂದ ನೋಡಿ, ಗೆದ್ದಲು, ಎರೆಹುಳು, ಹುಲ್ಲಿನ ಬೀಜ, ರಾಗಿ ಕಾಳು ಯಾವುದಿದ್ದರೂ ಕುಟುಕುತ್ತದೆ. ಹಲ್ಲಿಲ್ಲದ ಈ ಹಕ್ಕಿ ನುಂಗಿದ್ದೆಲ್ಲ ಮೊದಲು ಕತ್ತಿನ ಬುಡದ ಚೀಲದಲ್ಲಿ ನೆನೆದು, ಆಮ್ಲ ಸುರಿಸುವ ಜಠರವನ್ನು ದಾಟಿ, ಗಿಜರ್ಡ್ ಎಂಬ ದಪ್ಪ ಸ್ನಾಯುಗಳ ಅಂಗವನ್ನು ಸೇರುತ್ತದೆ. ಅಲ್ಲಿ ಕೋಳಿ ಆರಿಸಿ ನುಂಗಿಟ್ಟುಕೊಂಡ ಹರಳುಗಳು ಬೀಸುವ ಕಲ್ಲಿನಂತೆ ಕಾಳನ್ನು ಅರೆಯುತ್ತವೆ. ಮನುಷ್ಯನಿಗೆ ಉಪಯೋಗವಿಲ್ಲದ ಹುಳು, ಕಸ, ಎಂಜಲುಗಳನ್ನು ಉತ್ತಮ ದರ್ಜೆಯ ಪ್ರೋಟೀನನ್ನಾಗಿ ಮಾರ್ಪಡಿಸುವ ಈ ಸಾಮರ್ಥ್ಯವೇ ಹಿತ್ತಲ ಕೋಳಿ ಸಾಕಣೆಯ ಮೂಲ ಬಂಡವಾಳ. ಆದರೆ ಒಂದು ಹಿತ್ತಲಿನಲ್ಲಿ ಹೀಗೆ ಪುಕ್ಕಟೆಯಾಗಿ ದೊರೆಯುವ ಮೇವಿಗೆ ಮಿತಿಯಿದೆ. ಐದಾರು ಹೇಂಟೆಗಳಿಗೆ ಸಾಲುವ ಜಾಗದಲ್ಲಿ ಇಪ್ಪತ್ತನ್ನು ಬಿಟ್ಟರೆ ಅದೇ ಮೇವು ಇಪ್ಪತ್ತು ಪಾಲಾಗುತ್ತದೆಯೇ ಹೊರತು ಮೊಟ್ಟೆಗಳು ಆ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಕಾಳು ಕೊಂಡು ಹಾಕತೊಡಗಿದ ದಿನದಿಂದ ಲೆಕ್ಕಾಚಾರವೇ ಬೇರೆಯಾಗುತ್ತದೆ. ಹಳ್ಳಿಯ ಮನೆಗಳಲ್ಲಿ ಕೋಳಿಗಳ ಸಂಖ್ಯೆ ಸಣ್ಣದಾಗಿಯೇ ಉಳಿಯುವುದಕ್ಕೆ ಉದಾಸೀನ ಕಾರಣವೆಂದು ಬಗೆಯುವ ಯೋಜಕರು ಈ ಸರಳ ಗಣಿತವನ್ನು ಮರೆಯುತ್ತಾರೆ.

ಮೊಟ್ಟೆಯೊಂದು ಸಿದ್ಧವಾಗಲು 24ರಿಂದ 26 ತಾಸು ಬೇಕು. ಅಂಡಾಶಯದಿಂದ ಬಿಡುಗಡೆಯಾದ ಹಳದಿ ಲೋಳೆ ಅಂಡನಾಳದಲ್ಲಿ ಸಾಗುತ್ತ ಸುಮಾರು ಮೂರು ತಾಸಿನಲ್ಲಿ ಬಿಳಿ ಲೋಳೆಯನ್ನೂ, ಮುಂದಿನ ಒಂದು ತಾಸಿಗೂ ಮಿಕ್ಕ ಅವಧಿಯಲ್ಲಿ ತೆಳುಪೊರೆಗಳನ್ನೂ ಪಡೆದು, ಉಳಿದ ಇಪ್ಪತ್ತು ತಾಸುಗಳನ್ನು ಚಿಪ್ಪು ಕಟ್ಟುವ ಗ್ರಂಥಿಯಲ್ಲೇ ಕಳೆಯುತ್ತದೆ. ಚಿಪ್ಪಿಗೆ ಬೇಕಾದ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಆಹಾರದಿಂದ ಒಮ್ಮೆಲೇ ದೊರೆಯದ ಕಾರಣ, ಹೇಂಟೆ ತನ್ನ ಮೂಳೆಗಳ ಒಳಗೆ ಕೂಡಿಟ್ಟ ವಿಶೇಷ ಖನಿಜ ಪದರವನ್ನು ರಾತ್ರಿಯ ಹೊತ್ತು ಕರಗಿಸಿಕೊಳ್ಳುತ್ತದೆ. ಮೊಟ್ಟೆಯಿಡುವ ಕೋಳಿ ಸುಣ್ಣದ ಗೋಡೆಯನ್ನು ಕುಕ್ಕುವುದೂ ಬಸವನಹುಳುವಿನ ಚಿಪ್ಪನ್ನು ಹುಡುಕಿ ತಿನ್ನುವುದೂ ಈ ಕೊರತೆಯನ್ನು ತುಂಬಿಕೊಳ್ಳಲು. ಮೊಟ್ಟೆಯಿಡಲು ಹುಂಜದ ಅಗತ್ಯವಿಲ್ಲ. ಮೊಟ್ಟೆ ಮರಿಯಾಗಬೇಕಾದರೆ ಮಾತ್ರ ಹುಂಜ ಬೇಕು.

ನಾಟಿ ಹೇಂಟೆ ಹೀಗೆ ಹನ್ನೆರಡು, ಹದಿನೈದು ಮೊಟ್ಟೆಗಳನ್ನಿಟ್ಟ ಮೇಲೆ ಅದರ ಸ್ವಭಾವವೇ ಬದಲಾಗಿಬಿಡುತ್ತದೆ. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿಯು ಪ್ರೊಲ್ಯಾಕ್ಟಿನ್ ಎಂಬ ಚೋದಕವನ್ನು ಹೆಚ್ಚು ಸುರಿಸತೊಡಗಿದಂತೆ ಅಂಡಾಶಯ ಕುಗ್ಗಿ ಮೊಟ್ಟೆ ನಿಲ್ಲುತ್ತದೆ, ಎದೆ ಹೊಟ್ಟೆಗಳ ಪುಕ್ಕ ಉದುರಿ ಬೆಚ್ಚನೆಯ ಬರಿಚರ್ಮ ಮೊಟ್ಟೆಗಳಿಗೆ ತಾಗುವಂತಾಗುತ್ತದೆ, ಹಕ್ಕಿ ಮೈ ಉಬ್ಬಿಸಿಕೊಂಡು ಗುರುಗುಟ್ಟುತ್ತ ಕೂತಲ್ಲಿಂದ ಏಳಲೊಲ್ಲದು. ಇದೇ ಕಾವು. ಮನೆಯವರು ಹೊಟ್ಟು ಅಥವಾ ಬೂದಿ ಹರಡಿದ ಬುಟ್ಟಿಯಲ್ಲಿ ಮೊಟ್ಟೆ ಜೋಡಿಸಿ ಅದನ್ನು ಕತ್ತಲ ಮೂಲೆಯಲ್ಲಿ ಕೂರಿಸಿದರೆ, ಅದು ದಿನಕ್ಕೊಮ್ಮೆ ಮಾತ್ರ ಎದ್ದು ಕಾಳು ನೀರು ಮುಗಿಸಿ ಮರಳುತ್ತ, ಮೊಟ್ಟೆಗಳನ್ನು ಕೊಕ್ಕಿನಿಂದ ಆಗಾಗ ಮಗುಚುತ್ತ, 21ನೆಯ ದಿನಕ್ಕೆ ಹೂಮರಿಗಳನ್ನು ಹೊರತರುತ್ತದೆ. ಆಮೇಲೂ ಹಲವು ವಾರ ಮರಿಗಳಿಗೆ ಮೇವು ತೋರಿಸುವುದು, ಹದ್ದು ಕಂಡರೆ ರೆಕ್ಕೆಯಡಿ ಸೇರಿಸಿಕೊಳ್ಳುವುದು ಅದರ ಕೆಲಸ. ನಾಟಿ ಕೋಳಿ ವರ್ಷಕ್ಕೆ ಐವತ್ತು, ಅರವತ್ತು ಮೊಟ್ಟೆಗಳಿಗಷ್ಟೇ ನಿಲ್ಲುವುದು ಈ ಕಾರಣದಿಂದ. ವರ್ಷದ ಬಹುಪಾಲು ಅದು ತಾಯ್ತನದಲ್ಲಿರುತ್ತದೆ. ಮೊಟ್ಟೆಯ ಆಸೆಗೆ ಕಾವು ಬಿಡಿಸಲು ಕೋಳಿಯನ್ನು ನೀರಿನಲ್ಲಿ ಅದ್ದುವುದೂ ಮೂಗಿಗೆ ಪುಕ್ಕ ಚುಚ್ಚುವುದೂ ಕೆಲವೆಡೆ ರೂಢಿಯಲ್ಲಿವೆ. ಗೂಡಿನಿಂದ ದೂರವಿಟ್ಟರೆ ಪ್ರೊಲ್ಯಾಕ್ಟಿನ್ ತಾನಾಗಿ ಇಳಿಯುವುದರಿಂದ, ಪುಕ್ಕ ಚುಚ್ಚುವುದು ಹಿಂಸೆಯೇ ವಿನಾ ಉಪಾಯವಲ್ಲ.

ಇಪ್ಪತ್ತನೆಯ ಶತಮಾನದ ಕೋಳಿ ಉದ್ಯಮವು ಕಾವಿನ ಕೆಲಸವನ್ನು ಇನ್‌ಕ್ಯುಬೇಟರ್ ಎಂಬ ಯಂತ್ರಕ್ಕೆ ವಹಿಸಿ, ಕಾವಿಗೆ ಕೂರದ ಹೇಂಟೆಗಳನ್ನೇ ತಲೆಮಾರುಗಳ ಕಾಲ ಆಯ್ದು ಬೆಳೆಸಿತು. ಬಿಳಿ ಲೆಗಾರ್ನ್ ಮೂಲದ ಇಂದಿನ ಕೋಳಿ ವರ್ಷಕ್ಕೆ 300ರಷ್ಟು ಮೊಟ್ಟೆಯಿಡುತ್ತದೆ, ಆದರೆ ಯಂತ್ರದ ನೆರವಿಲ್ಲದೆ ತನ್ನ ವಂಶವನ್ನು ಮುಂದುವರಿಸಲಾರದು. ಅದು ಸಾಮಾನ್ಯವಾಗಿ ಬದುಕುವ ಪಂಜರದಲ್ಲಿ ಒಂದು ಹಕ್ಕಿಯ ಪಾಲಿಗೆ ಬರುವ ಜಾಗ ಎ4 ಹಾಳೆಗಿಂತಲೂ ಚಿಕ್ಕದು. ಈ ಎರಡು ತುದಿಗಳ ನಡುವೆ ಹಿತ್ತಲಿಗೆ ಒಗ್ಗುವ ತಳಿ ಬೇಕೆಂದು ಬೆಂಗಳೂರಿನ ಹೆಬ್ಬಾಳದಲ್ಲಿ ನಡೆದ ಸಂಶೋಧನೆಯಿಂದ ಬಂದದ್ದು ಗಿರಿರಾಜ, ಅದರ ನಂತರ ಸ್ವರ್ಣಧಾರಾ. ನಾಟಿ ಕೋಳಿಯಂತೆ ಬಣ್ಣಬಣ್ಣದ ಪುಕ್ಕವಿದ್ದು ಕೆದರಿ ಮೇಯಬಲ್ಲ ಗಿರಿರಾಜ ವರ್ಷಕ್ಕೆ ಸುಮಾರು 130ರಿಂದ 150 ಮೊಟ್ಟೆ ಕೊಡುತ್ತದೆ. ಆದರೆ ಅದರ ಭಾರವಾದ ಮೈ, ನಾಯಿ ಮುಂಗುಸಿಗಳು ಅಟ್ಟಿಸಿಕೊಂಡು ಬಂದಾಗ ಹಾರಿ ಪಾರಾಗಲು ಅಡ್ಡಿಯಾಗುತ್ತದೆ. ಹಗುರವಾದ ಸ್ವರ್ಣಧಾರಾ ಈ ವಿಷಯದಲ್ಲೂ ಮೊಟ್ಟೆಯ ಸಂಖ್ಯೆಯಲ್ಲೂ ಮೇಲು. ಇವು ಕಾವಿಗೆ ಕೂರುವುದನ್ನು ನೆಚ್ಚಿಕೊಳ್ಳುವಂತಿಲ್ಲ. ಸಂಕರದ ಗುಣಗಳು ಮುಂದಿನ ಪೀಳಿಗೆಯಲ್ಲಿ ಚೆದುರುವುದರಿಂದ ಹೊಸ ಮರಿಗಳನ್ನು ಪ್ರತಿ ಸಲವೂ ಕೊಂಡೇ ತರಬೇಕಾಗುತ್ತದೆ.

ಆದ್ದರಿಂದ ಕೋಳಿ ಸಾಕಬೇಕೆಂಬ ನಿರ್ಧಾರದೊಳಗೆ ಮೊಟ್ಟೆಗಾಗಿಯೋ ಮರಿಗಾಗಿಯೋ ಎಂಬ ಇನ್ನೊಂದು ನಿರ್ಧಾರ ಅಡಗಿದೆ. ಬ್ಯಾಂಕಿಗೂ ಗಂಡನ ಜೇಬಿಗೂ ಕಾಯದೆ ಸಂತೆಯಲ್ಲಿ ಒಂದು ಹುಂಜ ಮಾರಿ ಶಾಲೆಯ ಖರ್ಚು ನೀಗುವ ಹಳ್ಳಿಯ ಹೆಂಗಸಿಗೆ ಬೇಕಾದುದು ತಾನಾಗಿ ಬೆಳೆಯುವ ಹಿಂಡು. ಅವಳ ಪಾಲಿಗೆ ಕಾವಿಗೆ ಕೂರುವ ನಾಟಿ ಹೇಂಟೆಯೇ ಲಾಭದ ಹಕ್ಕಿ. ನಗರದ ತಾರಸಿಯಲ್ಲೋ ಸಣ್ಣ ಅಂಗಳದಲ್ಲೋ ಮನೆಬಳಕೆಯ ಮೊಟ್ಟೆ ಬಯಸುವವರಿಗೆ ಹುಂಜವಿಲ್ಲದ ಮೂರು ನಾಲ್ಕು ಸುಧಾರಿತ ಹೇಂಟೆಗಳು ಸಾಕು. ಹುಂಜ ಬೆಳಕು ಹರಿಯುವ ಮೊದಲೇ ಕೂಗುವುದು ತನ್ನೊಳಗಿನ ಜೈವಿಕ ಗಡಿಯಾರದ ಪ್ರಕಾರವೆಂದು ಜಪಾನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದ್ದಾರೆ. ಬುಟ್ಟಿ ಕವುಚಿ ಕತ್ತಲೆ ಮಾಡಿದರೂ ನೆರೆಮನೆಯವರ ನಿದ್ದೆ ಉಳಿಯುವುದಿಲ್ಲ. ಕಂದು ಮೊಟ್ಟೆ ಹೆಚ್ಚು ಪೌಷ್ಟಿಕವೆಂಬ ನಂಬಿಕೆಯಿಂದ ಕೋಳಿ ಸಾಕಹೊರಟವರು ಆ ಕಾರಣವನ್ನು ಬಿಡುವುದೊಳ್ಳೆಯದು: ಚಿಪ್ಪಿನ ಬಣ್ಣವನ್ನು ತಳಿಯೂ ಹಳದಿ ಲೋಳೆಯ ಗಾಢತೆಯನ್ನು ಸೊಪ್ಪು, ಜೋಳದಂಥ ಮೇವೂ ನಿರ್ಧರಿಸುತ್ತವೆ. ಎರಡೂ ಬಗೆಯ ಲಾಭ ಬೇಕೆನ್ನುವವರು ಗಿರಿರಾಜನ ಮೊಟ್ಟೆಗಳನ್ನು ನಾಟಿ ಹೇಂಟೆಯ ಕಾವಿಗೆ ಇಡುವುದುಂಟು. ಹೇಂಟೆ ತನ್ನದಲ್ಲದ ಮೊಟ್ಟೆಯೆಂದು ಭೇದವೆಣಿಸುವುದಿಲ್ಲ. ಹೀಗೆ ಹುಟ್ಟಿದ ಮರಿಗಳು ಗಿರಿರಾಜ ತಾಯಿಯಷ್ಟು ಮೊಟ್ಟೆಯಿಡದಿದ್ದರೂ ಮಾಂಸಕ್ಕೆ ಚೆನ್ನಾಗಿ ಬೆಳೆಯುತ್ತವೆ.

ಯಾವ ತಳಿಯನ್ನು ಆಯ್ದರೂ ತಪ್ಪದ ಅಪಾಯವೆಂದರೆ ಕೊಕ್ಕರೆ ರೋಗ. ರಾಣಿಖೇತ್ ಎಂದೂ ಕರೆಯುವ ಈ ವೈರಾಣು ರೋಗ, ಕತ್ತು ತಿರುಚುವಿಕೆ, ಹಸಿರು ಭೇದಿ, ಏದುಸಿರುಗಳೊಂದಿಗೆ ಕೆಲವೇ ದಿನಗಳಲ್ಲಿ ಕೇರಿಯ ಕೋಳಿಗಳನ್ನೆಲ್ಲ ಮುಗಿಸಿಬಿಡಬಲ್ಲದು. ಇದಕ್ಕೆ ಔಷಧವಿಲ್ಲ, ಲಸಿಕೆಯಿದೆ. ಮರಿಗಳಿಗೆ ಮೊದಲ ವಾರದಲ್ಲೇ ಕಣ್ಣು ಅಥವಾ ಮೂಗಿಗೆ ಹನಿ ಹಾಕಿ ಮುಂದೆ ಪಶುವೈದ್ಯರು ಹೇಳಿದ ವಯಸ್ಸಿನಲ್ಲಿ ಮತ್ತೆ ಹಾಕಿಸಬೇಕು. ಲಸಿಕೆಯ ಸೀಸೆ ನೂರಾರು ಕೋಳಿಗಳಿಗೆ ಸಾಲುವ ಪ್ರಮಾಣದಲ್ಲಿ ಬರುತ್ತದೆ, ಒಮ್ಮೆ ಕರಗಿಸಿದರೆ ಕೆಲವೇ ತಾಸುಗಳಲ್ಲಿ ಮುಗಿಸಬೇಕು. ಹೀಗಾಗಿ ನಾಲ್ಕು ಕೋಳಿ ಇರುವವರು ಒಬ್ಬರೇ ಅದನ್ನು ತರಿಸುವುದು ಕಷ್ಟ. ಕೋಳಿ ಸಾಕಲು ಮನಸ್ಸು ಮಾಡಿದವರು ಗೂಡು ಕಟ್ಟುವ ಮೊದಲೇ ನೆರೆಯ ಸಾಕಣೆದಾರರನ್ನು ಸೇರಿಸಿಕೊಂಡು, ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಇಡೀ ಬೀದಿಗೆ ಒಂದೇ ದಿನ ಲಸಿಕೆ ಹಾಕಿಸುವ ಏರ್ಪಾಡು ಮಾಡಿಕೊಳ್ಳಬೇಕು.