ಮೊಮ್ಮಗಳ ಲಂಡನ್ನು, ಅಜ್ಜನ ಲೆಡ್ಜರು

ಯುಗಾದಿಯ ಮಾರನೆಯ ಬೆಳಿಗ್ಗೆ ಮೊಮ್ಮಗಳು ನನ್ನ ಕಾಫಿ ಲೋಟದ ಪಕ್ಕ ಒಂದು ಹಾಳೆ ಇಟ್ಟು, "ಅಜ್ಜಾ, ಓದು. ಆದ್ರೆ ಬೈಬೇಡ" ಅಂದಳು. ಐದು ವರ್ಷದ ಬಿ.ಎ., ಎಲ್‌ಎಲ್.ಬಿ. ಕೋರ್ಸಿನ ಕೊನೆಯ ಸೆಮಿಸ್ಟರಿನಲ್ಲಿದ್ದಳು ಆಗ. ಹಾಳೆಯಲ್ಲಿ ಲಂಡನ್ನಿನ ಒಂದು ವರ್ಷದ ಎಲ್‌ಎಲ್.ಎಂ. ಓದಿನ ಖರ್ಚಿನ ಅಂದಾಜು ಇತ್ತು. ಶುಲ್ಕ, ಕೋಣೆ ಬಾಡಿಗೆ, ಊಟ, ವೀಸಾ, ವಿಮಾನ, ಉಣ್ಣೆ ಕೋಟು ಎಲ್ಲ ಸೇರಿ ಕೊನೆಗೆ ಕೆಂಪು ಶಾಯಿಯಲ್ಲಿ 40 ಲಕ್ಷ. ಅದರ ಕೆಳಗೆ ಪೆನ್ಸಿಲಿನಲ್ಲಿ, ಕಂಡೂ ಕಾಣದಷ್ಟು ಸಣ್ಣಕ್ಷರದಲ್ಲಿ, "ಮನೆ ಪತ್ರ?" ಎಂದು ಬರೆದಿದ್ದಳು.

ಮನೆ ನನ್ನ ಹೆಸರಿನಲ್ಲಿದೆ. ಅದರ ಪತ್ರ ಅಟ್ಟದ ಮೇಲಿನ ಟ್ರಂಕಿನಲ್ಲಿದೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಕೊಟ್ಟುಬಿಡಿ, ಹೋಗುವಾಗ ಹೊತ್ಕೊಂಡು ಹೋಗ್ತೀವಾ?" ಅಂದಳು. ಮಗ ಪೇಪರಿನಿಂದ ತಲೆ ಎತ್ತಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಹೂಂ ಅಥವಾ ಊಹೂಂ ಎನ್ನುವ ಮೊದಲು ಲೆಕ್ಕ ಹಾಕಬೇಕು ಎನ್ನುವುದು ರಕ್ತದಲ್ಲೇ ಬಂದುಬಿಟ್ಟಿದೆ. ಒಂದು ವಾರ ಟೈಮು ಕೇಳಿದೆ. ಆ ವಾರ ನಾನು ಕಲಿತದ್ದನ್ನು, ನನ್ನಂತೆಯೇ ಮೊಮ್ಮಕ್ಕಳ ಹಾಳೆ ಹಿಡಿದು ಕೂತಿರಬಹುದಾದ ಅಜ್ಜ ಅಜ್ಜಿಯರಿಗೂ, ಮುಂದೆ ಕರಿ ಕೋಟು ಹಾಕಬೇಕೆಂದಿರುವ ಮಕ್ಕಳಿಗೂ ಹೇಳುತ್ತೇನೆ.

ಮೊದಲ ಪ್ರಶ್ನೆ ಕೇಳಿದವನು ಆರನೇ ಕ್ಲಾಸಿನ ಮೊಮ್ಮಗ. "ಲಂಡನ್ನಿನ ಕಾನೂನು ಓದಿದ್ರೆ ಇಲ್ಲಿ ಕೇಸು ನಡೆಸೋಕೆ ಬರುತ್ತಾ?" ಎಂದ. ನೋಡಿ, ಡಾಕ್ಟರಾಗುವವರಿಗೆ ಈ ತೊಂದರೆ ಇಲ್ಲ. ಶಿವಮೊಗ್ಗದವನ ಹೊಟ್ಟೆಯಲ್ಲೂ ಲಂಡನ್ನಿನವನ ಹೊಟ್ಟೆಯಲ್ಲೂ ಕರುಳು ಒಂದೇ ಕಡೆ ಇರುತ್ತದೆ. ಕಾನೂನು ಹಾಗಲ್ಲ, ಗಡಿ ದಾಟಿದರೆ ಬದಲಾಗುತ್ತದೆ. ಆದರೂ ಇಂಗ್ಲೆಂಡಿಗೂ ನಮಗೂ ಒಂದು ಹಳೇ ನಂಟು. ನಾವು ಈಗಲೂ ಬಳಸುವ ಕರಾರು ಕಾಯಿದೆ 1872ರದು, ಬ್ರಿಟಿಷರು ಮಾಡಿಟ್ಟುಹೋದದ್ದು. ಹಿಂದಿನ ತೀರ್ಪುಗಳನ್ನೇ ಆಧಾರವಾಗಿ ಹಿಡಿದು ವಾದಿಸುವ ಪದ್ಧತಿಯೂ ಅವರಿಂದಲೇ ಬಂದದ್ದು. ಇದನ್ನು ಕಾಮನ್ ಲಾ ಎನ್ನುತ್ತಾರೆ. ಅಮೆರಿಕ, ಆಸ್ಟ್ರೇಲಿಯ, ಸಿಂಗಪುರಗಳೂ ಇದೇ ಮನೆತನದವು. ಫ್ರಾನ್ಸ್, ಜರ್ಮನಿಗಳದು ಬೇರೆ ಮನೆತನ. ಅಲ್ಲಿ ಎಲ್ಲಕ್ಕೂ ದೊಡ್ಡ ಸಂಹಿತೆಯ ಪುಸ್ತಕವೇ ಮೂಲ. ಹಾಗಾಗಿ ನಮ್ಮ ಮಕ್ಕಳು ಹೆಚ್ಚಾಗಿ ಇಂಗ್ಲೆಂಡ್, ಅಮೆರಿಕ, ಸಿಂಗಪುರದ ಕಡೆ ಮುಖ ಮಾಡುವುದರಲ್ಲಿ ಆಶ್ಚರ್ಯವಿಲ್ಲ.

ಪಿಯುಸಿ ಮುಗಿಸಿದ ಕೂಡಲೇ ಹೊರಗೆ ಹೋಗಿ ಮೊದಲ ಕಾನೂನು ಪದವಿಯನ್ನೇ ಅಲ್ಲಿ ಮಾಡುವುದು ಒಂದು ದಾರಿ. ಇಂಗ್ಲೆಂಡಿನಲ್ಲಿ ಎಲ್‌ಎಲ್.ಬಿ. ಮೂರು ವರ್ಷ. ಕೇಳಲು ಚೆನ್ನ. ಆದರೆ ವಾಪಸು ಬಂದು ಇಲ್ಲಿ ವಕೀಲಿ ಮಾಡಬೇಕಾದರೆ ಆ ವಿಶ್ವವಿದ್ಯಾಲಯ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆಯ ಪಟ್ಟಿಯಲ್ಲಿರಬೇಕು. ವಿದೇಶಿ ಪದವೀಧರರಿಗೆಂದೇ ಪರಿಷತ್ತು ಇಟ್ಟಿರುವ ಅರ್ಹತಾ ಪರೀಕ್ಷೆ ಬರೆಯಬೇಕು. ಎಲ್ಲರೂ ಬರೆಯುವ ಅಖಿಲ ಭಾರತ ವಕೀಲರ ಪರೀಕ್ಷೆ ಬೇರೆ. ಹದಿನೆಂಟು ವರ್ಷದ ಹುಡುಗನಿಗೆ ಇಷ್ಟೆಲ್ಲ ಹೇಳಿ ಕಳಿಸುವವರು ಕಮ್ಮಿ. ಬ್ರೋಷರಿನಲ್ಲಂತೂ ಇದು ಕೊನೇ ಪುಟದಲ್ಲೂ ಇರುವುದಿಲ್ಲ.

ಇಲ್ಲಿ ಪದವಿ ಮುಗಿಸಿ ಎಲ್‌ಎಲ್.ಎಂ.ಗೆ ಹೋಗುವುದು ಇನ್ನೊಂದು ದಾರಿ. ಹೆಚ್ಚು ಜನ ಹಿಡಿಯುವುದು ಇದನ್ನೇ. ಇಂಗ್ಲೆಂಡಿನಲ್ಲಿ ಒಂದು ವರ್ಷದೊಳಗೆ ಮುಗಿಯುತ್ತದೆ, ಅಮೆರಿಕದಲ್ಲಿ ಒಂಬತ್ತು ಹತ್ತು ತಿಂಗಳು. ಆಕ್ಸ್‌ಫರ್ಡಿನಲ್ಲಿ ಇದರ ಹೆಸರೇ ಬೇರೆ, ಬಿ.ಸಿ.ಎಲ್. ಬ್ಯಾಚುಲರ್ ಎಂದಿದ್ದರೂ ಅದು ಸ್ನಾತಕೋತ್ತರ ಪದವಿಯೇ! ಮೊಮ್ಮಗಳು ಇದನ್ನು ಹೇಳಿದಾಗ ನಾನು ಮುದ್ರಣದೋಷ ಅಂದುಕೊಂಡಿದ್ದೆ.

ಈ ಪದವಿ ಪಡೆದ ಮಾತ್ರಕ್ಕೆ ಅಲ್ಲಿ ವಕೀಲರಾಗುವುದಿಲ್ಲ ಎಂಬುದನ್ನು ಬಹಳ ಜನ ತಿಳಿದಿಲ್ಲ. ನಾನೂ ತಿಳಿದಿರಲಿಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಆಗಲು 2021ರಿಂದ ಪ್ರತ್ಯೇಕ ಅರ್ಹತಾ ಪರೀಕ್ಷೆ ಇದೆ, ಎಲ್‌ಎಲ್.ಎಂ. ಇಲ್ಲದವರೂ ಅದನ್ನು ಬರೆಯಬಹುದು. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ವಕೀಲರ ಪರೀಕ್ಷೆ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಗಳು ಹೊರದೇಶದ ಪದವೀಧರರಿಗೂ ಕೆಲವು ಷರತ್ತುಗಳ ಮೇಲೆ ಬಾಗಿಲು ತೆರೆದಿವೆ. ಇನ್ನು ಓದಿ ಬಂದು ಇಲ್ಲಿ ಮೇಷ್ಟ್ರಾಗುವೆ ಎನ್ನುವವರು ಎಚ್ಚರವಾಗಿರಬೇಕು. ಒಂದು ವರ್ಷದ ವಿದೇಶಿ ಎಲ್‌ಎಲ್.ಎಂ. ನಮ್ಮ ಎಲ್‌ಎಲ್.ಎಂ.ಗೆ ಸಮಾನವಲ್ಲ ಎಂದು ವಕೀಲರ ಪರಿಷತ್ತು 2021ರ ಜನವರಿಯಲ್ಲಿ ನಿಯಮ ಹೊರಡಿಸಿತ್ತು. ಅದು ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿತು. ಕೆಲಸಕ್ಕೆ ಸೇರಬೇಕೆಂದಿರುವ ಕಾಲೇಜಿನಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು.

ವರ್ಷಗಟ್ಟಲೆ ಹೋಗದೆಯೂ ಕಲಿಯುವ ದಾರಿಗಳಿವೆ. ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ಶಾಂತಿ ಅರಮನೆ ಎಂಬ ಕೆಂಪು ಇಟ್ಟಿಗೆಯ ಕಟ್ಟಡವಿದೆ, 1913ರದು. ಅಂತರರಾಷ್ಟ್ರೀಯ ನ್ಯಾಯಾಲಯ ಇರುವುದು ಅಲ್ಲಿಯೇ. ಅದೇ ಆವರಣದಲ್ಲಿ ಹೇಗ್ ಅಕಾಡೆಮಿ ಎಂಬ ಸಂಸ್ಥೆ ಪ್ರತಿ ಬೇಸಿಗೆಯಲ್ಲಿ ಅಂತರರಾಷ್ಟ್ರೀಯ ಕಾನೂನಿನ ಪಾಠಗಳನ್ನು ನಡೆಸುತ್ತದೆ, ಒಂದೊಂದು ಸರಣಿ ಮೂರು ವಾರದ್ದು. ಆ ನ್ಯಾಯಾಲಯದಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗ ರಾಯರು 1952ರಿಂದ ಮರುವರ್ಷ ತೀರಿಕೊಳ್ಳುವವರೆಗೆ ನ್ಯಾಯಾಧೀಶರಾಗಿದ್ದರು. ನಮ್ಮ ಸಂವಿಧಾನ ರಚನೆಯ ಹೊತ್ತಿನಲ್ಲಿ ಸಲಹೆಗಾರರಾಗಿದ್ದವರೂ ಅವರೇ. ಇದನ್ನು ಹೇಳಿದ್ದೇ ತಡ, ಮೊಮ್ಮಗ ಅಟ್ಲಾಸ್ ತಂದು ಹೇಗ್ ಎಲ್ಲಿದೆ ಎಂದು ಹುಡುಕಲು ಕೂತ.

ಅವನಿಗೆ ಇನ್ನಷ್ಟು ಕಥೆ ಬೇಕಿತ್ತು. ಗಾಂಧೀಜಿ 1888ರಲ್ಲಿ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹೋದಾಗ ಪರೀಕ್ಷೆಯಷ್ಟೇ ಮುಖ್ಯವಾಗಿ ಊಟಕ್ಕೂ ಹಾಜರಿ ಹಾಕಬೇಕಿತ್ತು. ಇನ್ನರ್ ಟೆಂಪಲ್ ಎಂಬ ಅವರ ಸಂಸ್ಥೆಯಲ್ಲಿ ಒಂದೊಂದು ಅವಧಿಗೂ ಇಂತಿಷ್ಟು ಔತಣ ಉಂಡಿರಬೇಕು ಎಂಬ ನಿಯಮ. ನಾಲ್ಕು ಜನಕ್ಕೆ ಎರಡು ಬಾಟಲಿ ದ್ರಾಕ್ಷಾರಸ ಕೊಡುತ್ತಿದ್ದರಂತೆ. ಗಾಂಧೀಜಿ ಮುಟ್ಟುತ್ತಿರಲಿಲ್ಲವಾದ್ದರಿಂದ ತಮ್ಮ ಮೇಜಿಗೆ ಬಾ ಎಂದು ಅವರನ್ನು ಕರೆಯುವವರೇ ಕರೆಯುವವರು! ಆತ್ಮಕಥೆಯಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ನನ್ನ ಮನಸ್ಸಿನಲ್ಲಿ ನಿಂತದ್ದು ಮಾತ್ರ ಬೇರೆ ಇಬ್ಬರು. ನಾಸಿಕದಲ್ಲಿ ಹುಟ್ಟಿದ ಕಾರ್ನೇಲಿಯಾ ಸೊರಾಬ್ಜಿ ಓದಿನಲ್ಲಿ ಮುಂದಿದ್ದರೂ ಹೆಣ್ಣೆಂಬ ಕಾರಣಕ್ಕೆ ಇಂಗ್ಲೆಂಡಿಗೆ ಹೋಗುವ ಸರ್ಕಾರಿ ವಿದ್ಯಾರ್ಥಿವೇತನ ಅವರ ಕೈತಪ್ಪಿತು. ಅಲ್ಲಿನ ಹಿತೈಷಿಗಳು ಚಂದಾ ಎತ್ತಿದರು. 1889ರಲ್ಲಿ ಆಕ್ಸ್‌ಫರ್ಡ್ ಸೇರಿ 1892ರಲ್ಲಿ, ನಾನು ಮುದ್ರಣದೋಷ ಅಂದುಕೊಂಡ ಅದೇ ಬಿ.ಸಿ.ಎಲ್. ಪರೀಕ್ಷೆ ಬರೆದರು. ಅದನ್ನು ಬರೆದ ಮೊದಲ ಹೆಂಗಸು. ಆದರೆ ಆಕ್ಸ್‌ಫರ್ಡು ಹೆಂಗಸರಿಗೆ ಪದವಿ ಕೊಡಲು ಶುರುಮಾಡಿದ್ದು 1920ರಲ್ಲಿ. ಅಲ್ಲಿಯವರೆಗೂ ಆಕೆ ಕಾದರು.

ಇನ್ನೊಬ್ಬರು ಅಂಬೇಡ್ಕರ್. ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋದರು. 1916ರಲ್ಲಿ ಲಂಡನ್ನಿಗೆ ಬಂದು ಬ್ಯಾರಿಸ್ಟರ್ ಓದಲು ಗ್ರೇಸ್ ಇನ್ ಸೇರಿದರು. ವಿದ್ಯಾರ್ಥಿವೇತನದ ಅವಧಿ ಮುಗಿಯಿತು, ಓದು ಅರ್ಧಕ್ಕೇ ನಿಂತಿತು. 1917ರಲ್ಲಿ ಊರಿಗೆ ಮರಳುವಾಗ ಬೇರೆ ಹಡಗಿನಲ್ಲಿ ಕಳಿಸಿದ್ದ ಪುಸ್ತಕಗಳು ಯುದ್ಧದ ದಾಳಿಗೆ ಸಿಕ್ಕಿ ಸಮುದ್ರದ ಪಾಲಾದವು. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಸಂಬಳ ಉಳಿಸಿದರು. ಕೊಲ್ಲಾಪುರದ ಶಾಹು ಮಹಾರಾಜರ ನೆರವೂ ಸಿಕ್ಕಿತು. 1920ರಲ್ಲಿ ಮತ್ತೆ ಹೋಗಿ ಓದು ಮುಗಿಸಿಯೇ ಬಂದರು. ಮೊಮ್ಮಗಳು ಕಾನೂನು ಓದಿದವಳು, ಇದೆಲ್ಲ ಅವಳಿಗೆ ಗೊತ್ತೇ ಇತ್ತು. ಆದರೆ ಮೂರು ವರ್ಷ ಬಿಟ್ಟು ಹೋದರೂ ಹೋದ ಹಾಗೆಯೇ ಎಂದು ನಾನು ಮೆಲ್ಲಗೆ ಅಂದಾಗ ನನ್ನ ಮುಖವನ್ನೇ ನೋಡಿದಳು.

ಈಗ ಲೆಕ್ಕಕ್ಕೆ ಬರುತ್ತೇನೆ. ಲೆಕ್ಕ ಸುಲಭವಾಗಲಿ ಎಂದು ಬಡ್ಡಿ ಶೇಕಡ 10 ಎಂದಿಟ್ಟುಕೊಳ್ಳಿ. 40 ಲಕ್ಷ ಒಂದೇ ಸಲ ತೆಗೆದುಕೊಂಡರೆ, ಓದುವ ಒಂದು ವರ್ಷ, ಆಮೇಲೆ ಸಾಮಾನ್ಯವಾಗಿ ಕೊಡುವ ಒಂದು ವರ್ಷದ ಬಿಡುವು, ಎರಡಕ್ಕೂ ಸರಳ ಬಡ್ಡಿಯೇ 8 ಲಕ್ಷ. ಕಂತು ಶುರುವಾಗುವ ದಿನ ಸಾಲ 48 ಲಕ್ಷ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 63 ಸಾವಿರ ಚಿಲ್ಲರೆ. ತೀರುವ ಹೊತ್ತಿಗೆ ಕಟ್ಟಿದ್ದು 76 ಲಕ್ಷ ದಾಟಿರುತ್ತದೆ. ಇದರ ಪಕ್ಕ ಇನ್ನೊಂದು ಅಂಕಿ ಇಡಿ. ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20 ಸಾವಿರ, ಗ್ರಾಮಾಂತರದಲ್ಲಿ 15 ಸಾವಿರವಾದರೂ ಕೊಡಿ ಎಂದು ವಕೀಲರ ಪರಿಷತ್ತು 2024ರಲ್ಲಿ ಸುತ್ತೋಲೆ ಹೊರಡಿಸಿ ಹಿರಿಯರನ್ನು ಕೇಳಿಕೊಂಡಿತು. ಕೇಳಿಕೊಂಡಿತು ಅಷ್ಟೆ. ದೊಡ್ಡ ಕಂಪನಿಯ ಕೆಲಸ ಸಿಕ್ಕರೆ ಮಾತು ಬೇರೆ. ಲಂಡನ್ನಿನಲ್ಲೇ ಕೆಲಸ ಹುಡುಕೋಣವೆಂದರೆ, ಓದಿದ ಮೇಲೆ ಅಲ್ಲಿ ಉಳಿಯಲು ಕೊಡುತ್ತಿದ್ದ ಎರಡು ವರ್ಷವನ್ನು 2027ರ ಜನವರಿಯಿಂದ ಒಂದೂವರೆ ವರ್ಷಕ್ಕೆ ಇಳಿಸುವುದಾಗಿ ಆ ಸರ್ಕಾರ ಹೇಳಿದೆ.

ಅಜ್ಜಂದಿರಿಗೆ ಒಂದು ಕಿವಿಮಾತು. ವಿದ್ಯಾಸಾಲದ ಬಡ್ಡಿಗೆ ಹಳೇ ಪದ್ಧತಿಯ ಆದಾಯ ತೆರಿಗೆಯಲ್ಲಿ ಎಂಟು ವರ್ಷ ವಿನಾಯಿತಿ ಇದೆ. ಆದರೆ ತನಗೆ, ಸಂಗಾತಿಗೆ, ಮಕ್ಕಳಿಗೆ ಅಥವಾ ಕಾನೂನು ಪ್ರಕಾರ ತಾನು ಪೋಷಕನಾಗಿರುವ ವಿದ್ಯಾರ್ಥಿಗೆ ಮಾಡಿದ ಸಾಲಕ್ಕೆ ಮಾತ್ರ. ಮೊಮ್ಮಗಳು ಎಷ್ಟೇ ಮುದ್ದಾಗಿರಲಿ, ಆ ಕಾಲಮ್ಮಿನಲ್ಲಿ ಅವಳಿಗೆ ಜಾಗವಿಲ್ಲ. ಇಂಗ್ಲೆಂಡಿನ ವೀಸಾಕ್ಕೆ ಉಳಿತಾಯದ ಹಣ ತೋರಿಸುವುದಾದರೆ ಅದು ಸತತ 28 ದಿನ ಖಾತೆಯಲ್ಲಿ ಕೂತಿರಬೇಕು. ನೆಂಟರಿಂದ ತಂದು ಒಂದು ದಿನ ಹಾಕಿ ತೆಗೆಯುವ ಆಟ ನಡೆಯುವುದಿಲ್ಲ.

ಇಷ್ಟು ಬರೆದ ಮೇಲೂ ನಾನು ಪತ್ರ ಕೊಡುತ್ತಿದ್ದೆನೇನೋ. ನನ್ನನ್ನು ತಡೆದದ್ದು ಒಂದು ನೆನಪು. ಸುಮಾರು 2003ರಲ್ಲಿ ಒಬ್ಬ ತೋಟದ ಯಜಮಾನರು ಮಗನ ವಿದೇಶದ ಓದಿಗೆ ಎರಡು ಎಕರೆ ಅಡಿಕೆ ತೋಟ ಅಡವಿಟ್ಟರು. ಕಾಗದಗಳನ್ನು ಜೋಡಿಸಿ ಕೊಟ್ಟವನು ನಾನೇ. ಅವತ್ತು ಅವರು ಶಾಖೆಗೆಲ್ಲ ಪೇಡಾ ಹಂಚಿದ್ದರು. ಮಗನಿಗೆ ಅಲ್ಲಿ ಕೆಲಸ ಸಿಗಲಿಲ್ಲ, ಇಲ್ಲಿ ಬಂದು ಹೊಂದಿಕೊಳ್ಳಲಿಲ್ಲ. ಮೂರು ವರ್ಷದ ಮೇಲೆ ಕಂತು ಕಟ್ಟಲು ಅವರೇ ಪ್ರತಿ ತಿಂಗಳು ನನ್ನ ಕೌಂಟರಿಗೆ ಬರುತ್ತಿದ್ದರು. ಬಂದಾಗಲೆಲ್ಲ ಒಂದೇ ಪ್ರಶ್ನೆ: "ಇನ್ನೆಷ್ಟಿದೆ ಮಾರಾಯ್ರೆ?" ಕೊನೆಗೆ ಒಂದು ಎಕರೆ ಮಾರಿ ತೀರಿಸಿದರು. ಅವತ್ತು ಪೇಡಾ ತಿಂದವರಲ್ಲಿ ಒಬ್ಬರಾದರೂ, ನಾನಾದರೂ, ಒಂದು ಲೆಕ್ಕ ಬರೆದು ತೋರಿಸಬಹುದಿತ್ತು. ತೋರಿಸಲಿಲ್ಲ.

ವಾರದ ಕೊನೆಗೆ ಈ ಕಥೆಯನ್ನೂ ಲೆಕ್ಕವನ್ನೂ ಮೊಮ್ಮಗಳ ಮುಂದಿಟ್ಟೆ. ಅವಳು ಅತ್ತಳು. ಹೆಂಡತಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೇ ದಿನ ಮೊಮ್ಮಗಳೇ ಬೇರೆ ಹಾಳೆ ತಂದಳು. ಈ ಸಲ ಅದರಲ್ಲಿ ವಿದ್ಯಾರ್ಥಿವೇತನಗಳ ಹೆಸರಿದ್ದವು. ಆಕ್ಸ್‌ಫರ್ಡಿನ ರೋಡ್ಸ್, ನಮ್ಮ ಗಿರೀಶ ಕಾರ್ನಾಡರು ಧಾರವಾಡದಲ್ಲಿ ಓದಿ ಅದೇ ವೇತನದಲ್ಲಿ ಹೋದವರು. ಕಾಮನ್‌ವೆಲ್ತ್, ಇನ್ಲಾಕ್ಸ್ ಇದ್ದವು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೆ ಎಂದು ತನ್ನ ಗೆಳತಿಗಾಗಿ ಬರೆದುಕೊಂಡಿದ್ದಳು. ಅವಳು ಗೆರೆ ಎಳೆದಿದ್ದದ್ದು ಚೀವ್ನಿಂಗ್ ಎಂಬುದರ ಕೆಳಗೆ. ಅದು ಬ್ರಿಟಿಷ್ ಸರ್ಕಾರದ್ದು. ಶುಲ್ಕ, ಊಟ ವಸತಿ, ವಿಮಾನ ಎಲ್ಲ ಅವರದೇ. ಓದು ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕು. ಅರ್ಜಿ ಹಾಕಲು ಮೊದಲು ಎರಡು ವರ್ಷದ ಕೆಲಸದ ಅನುಭವ ಬೇಕು. ಅದನ್ನು ಅವರು ಗಂಟೆಯಲ್ಲಿ ಹೇಳುತ್ತಾರೆ, 2,800 ಗಂಟೆ.

"ಸಿಗದಿದ್ರೆ?" ಎಂದು ಮಗ ಕೇಳಿದ. "ಸಿಗದಿದ್ರೆ ಆವಾಗ ಅಜ್ಜನ ಹತ್ರ ಮತ್ತೆ ಬರ್ತೀನಿ" ಅಂದಳು. ಬರಲಿ. ಪತ್ರ ಟ್ರಂಕಿನಲ್ಲೇ ಇದೆ, ಎಲ್ಲೂ ಹೋಗುವುದಿಲ್ಲ.

ಪದವಿ ಮುಗಿಸಿ, ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಆಗಸ್ಟಿನಿಂದ ಶಿವಮೊಗ್ಗದ ಹಿರಿಯ ವಕೀಲರೊಬ್ಬರ ಆಫೀಸಿಗೆ ಹೋಗುತ್ತಿದ್ದಾಳೆ. ಕೈಗೆ ಬರುವುದು ಬಸ್ ಚಾರ್ಜು, ಊಟ ಕಳೆದರೆ ಹೆಚ್ಚೇನಿಲ್ಲ. ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಎಷ್ಟು ಗಂಟೆ ಎಂದು ಹೇಳಿಬಿಡುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಹಳೇ ಲೆಡ್ಜರಿನಂತೆಯೇ ಗೆರೆ ಹಾಕಿ ತಾರೀಖು, ಕೆಲಸ, ಗಂಟೆ, ಒಟ್ಟು ಎಂದು ನಾಲ್ಕು ಕಾಲಂ ಮಾಡಿದ್ದೇನೆ. ಪುಟದ ಕೊನೆಗೆ ಕೂಡಿ ಮುಂದಿನ ಪುಟಕ್ಕೆ ಒಯ್ಯುವ ಕೆಲಸ ಮೊಮ್ಮಗನದು. ಮೊನ್ನೆ ಒಂದು ಕಡೆ ಹತ್ತು ಗಂಟೆ ಜಾಸ್ತಿ ಒಯ್ದಿದ್ದ, ಹಿಡಿದು ತಿದ್ದಿಸಿದೆ. ನಿನ್ನೆ ಸಂಜೆಗೆ ಒಟ್ಟು 412.