ಬೀಡಿ ಕಟ್ಟುವವರ ವಿಶ್ರಾಂತಿವೇತನ

ವಿಶ್ರಾಂತಿವೇತನವೆಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವವರು ಸರಕಾರದ ನೌಕರರು, ಶಾಲೆಯ ಅಧ್ಯಾಪಕರು, ಬ್ಯಾಂಕಿನ ಗುಮಾಸ್ತರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳಲ್ಲಿ ಮನೆಯ ಜಗಲಿಯ ಮೇಲೆ ಕುಳಿತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಹೆಂಗಸಿಗೂ ಈ ಹಕ್ಕುಂಟೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳೂ ಎಷ್ಟೋ ಬಾರಿ ಮರೆಯುತ್ತಾರೆ. ಈ ಹಕ್ಕಿನ ನಿಯಮಗಳು 1995ರಿಂದೀಚೆಗೆ ಹಲವು ಸಲ ಬದಲಾಗಿವೆ. ಐವತ್ತು ದಾಟಿ ಐವತ್ತೆಂಟನ್ನು ಸಮೀಪಿಸುತ್ತಿರುವವರನ್ನು ಆ ಬದಲಾವಣೆಗಳು ಹೇಗೆ ತಟ್ಟುತ್ತವೆಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ಕೆಲಸದ ಸ್ವರೂಪವನ್ನು ಗಮನಿಸಬೇಕು. ಕಂಪೆನಿಯು ಎಲೆಯನ್ನೂ ಹೊಗೆಸೊಪ್ಪನ್ನೂ ಊರಿನ ಕಂಟ್ರಾಕ್ಟುದಾರನಿಗೆ ಕೊಡುತ್ತದೆ. ಜನರು ‘ಬ್ರಾಂಚು’ ಎಂದು ಕರೆಯುವ ಅವನ ಕೊಠಡಿಯಿಂದ ಹೆಂಗಸರು ಅವನ್ನು ಮನೆಗೊಯ್ದು, ಕಟ್ಟಿದ ಬೀಡಿಯನ್ನು ಮರಳಿ ತಂದೊಪ್ಪಿಸುತ್ತಾರೆ. ಕೂಲಿಯು ಸಾವಿರ ಬೀಡಿಗೆ ಇಷ್ಟೆಂಬ ಲೆಕ್ಕದ್ದು. ಸರಿಯಿಲ್ಲದ ಬೀಡಿಗೆ ಅಲ್ಲಿಯೇ ತಿರಸ್ಕಾರ. ಇಂಥವಳು ಕಂಪೆನಿಯ ನೌಕರಳೆ, ಅಲ್ಲವೆ? 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲಿ ದುಡಿಯುವವರನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿತು. ಆ ಕಾಯಿದೆಯನ್ನು 1974ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೊಕದ್ದಮೆ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಎಂಬ ಸಂಸ್ಥೆಯ ಹೆಸರಿನಲ್ಲಿದೆ. 1977ರಲ್ಲಿ ಪ್ರಾವಿಡೆಂಟ್ ಫಂಡಿನ ಕಾಯಿದೆ ಬೀಡಿ ಉದ್ಯಮಕ್ಕೆ ವಿಸ್ತರಿಸಿತು. ಮನೆಯಲ್ಲಿ ಕಟ್ಟುವವರಿಗೂ ಅದು ಸಲ್ಲುತ್ತದೆಂದು 1985ರಲ್ಲಿ ಪಿ. ಎಂ. ಪಟೇಲ್ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ತೀರ್ಮಾನಿಸಿತು. ಬೀಡಿಯನ್ನು ತಿರಸ್ಕರಿಸುವ ಅಧಿಕಾರವಿದ್ದಲ್ಲಿ ಕೆಲಸದ ಮೇಲಿನ ಹತೋಟಿಯೂ ಇದೆಯೆಂಬುದು ಆ ತೀರ್ಪಿನ ತರ್ಕ.

1995ರ ನವೆಂಬರ್ 16ರಿಂದ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯು ಈ ನಿಧಿಯ ಸ್ವರೂಪವನ್ನೇ ಬದಲಿಸಿತು. ಅಲ್ಲಿಯವರೆಗೆ ನಿಧಿಯೆಂದರೆ ಮುಖ್ಯವಾಗಿ ದುಡಿಮೆಯ ಕೊನೆಯಲ್ಲಿ ಕೈಗೆ ಬರುವ ಇಡಿಗಂಟು. ಹೊಸ ಯೋಜನೆಯು ಮಾಲಿಕನ ವಂತಿಗೆಯಿಂದ ಕೂಲಿಯ ಶೇಕಡಾ 8.33ರಷ್ಟನ್ನು ಪಿಂಚಣಿಗೆಂದು ಬೇರ್ಪಡಿಸಿತು. ಕೇಂದ್ರ ಸರಕಾರ ಶೇಕಡಾ 1.16ನ್ನು ಸೇರಿಸುತ್ತದೆ. ಸಾಮಾನ್ಯ ಉದ್ಯಮಗಳಲ್ಲಿ ಮಾಲಿಕನ ವಂತಿಗೆ ಶೇಕಡಾ 12. ಬೀಡಿಗೆ ಅನ್ವಯಿಸುತ್ತ ಬಂದ ದರ ಶೇಕಡಾ 10. ಆದುದರಿಂದ ಕಾರ್ಖಾನೆಯ ನೌಕರನಿಗೆ ಮಾಲಿಕನ ಪಾಲಿನಿಂದ ಇಡಿಗಂಟಿಗೆ ಉಳಿಯುವುದು ಶೇಕಡಾ 3.67 ಆದರೆ, ಬೀಡಿ ಕಟ್ಟುವವಳಿಗೆ ಉಳಿಯುವುದು 1.67 ಮಾತ್ರ. ಮಾಲಿಕನು ಆಕೆಗಾಗಿ ಕಟ್ಟುವ ಹಣದ ಬಹುಪಾಲು ಪಿಂಚಣಿಯೊಳಗೇ ಇದೆ. ಪಿಂಚಣಿಯ ಸೂತ್ರದಲ್ಲಿ ಮಾಡುವ ಪ್ರತಿಯೊಂದು ತಿದ್ದುಪಡಿಯೂ ಆಕೆಗೆ ಇತರರಿಗಿಂತ ಹೆಚ್ಚು ಮುಖ್ಯವಾಗುವುದು ಈ ಕಾರಣದಿಂದ.

ಆ ಸೂತ್ರ ಸರಳವಾದುದು: ಪಿಂಚಣಿಗೆ ಅರ್ಹವಾದ ಮಾಸಿಕ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಲೆಕ್ಕದ ಸುಲಭಕ್ಕಾಗಿ ವೇತನ 5,600 ರೂಪಾಯಿಯೆಂದಿಟ್ಟುಕೊಂಡರೆ ಒಂದು ವರ್ಷದ ಸೇವೆಗೆ ತಿಂಗಳಿಗೆ 80 ರೂಪಾಯಿಯಂತಾಯಿತು. 18 ವರ್ಷ ಸೇವೆಯಿದ್ದು 58ರಲ್ಲಿ ನಿಲ್ಲಿಸಿದವಳಿಗೆ 1,440 ರೂ.; 20 ವರ್ಷ ಪೂರೈಸಿ ನಿಲ್ಲಿಸಿದವಳಿಗೆ ಯೋಜನೆಯು ಇನ್ನೆರಡು ವರ್ಷಗಳನ್ನು ಸೇರಿಸಿ ಎಣಿಸುವುದರಿಂದ 1,760 ರೂ. ಕೊನೆಯ ಎರಡು ವರ್ಷಗಳ ಬೆಲೆ 160 ಅಲ್ಲ, 320. (1995ಕ್ಕೆ ಹಿಂದಿನ ಸೇವೆಗೆ ಪ್ರತ್ಯೇಕ ಕೋಷ್ಟಕವುಂಟು, ಅದನ್ನು ಇಲ್ಲಿ ಬಿಟ್ಟಿದ್ದೇವೆ.) ಇಷ್ಟು ತಿಳಿದಿದ್ದರೆ ಹದಿನೆಂಟನೆಯ ವರ್ಷದಲ್ಲಿ ಯಾರೂ ಸುಮ್ಮನೆ ಮೊರವನ್ನು ಕೆಳಗಿಡಲಾರರು.

ಮುಂದಿನ ತಿದ್ದುಪಡಿಗಳಲ್ಲಿ ಎರಡು ಮುಖ್ಯವಾದುವು. 2008ರ ಸೆಪ್ಟೆಂಬರಿನಲ್ಲಿ, ಪಿಂಚಣಿಯ ಒಂದು ಭಾಗವನ್ನು ಮಾರಿ ಇಡಿಗಂಟು ಪಡೆಯುವ ಅನುಕೂಲವನ್ನು ತೆಗೆದುಹಾಕಲಾಯಿತು. 50ರ ಬಳಿಕ 58ಕ್ಕೆ ಮುಂಚೆಯೇ ಪಿಂಚಣಿ ಬೇಡುವವರಿಗೆ ಪ್ರತಿವರ್ಷಕ್ಕೆ ಮಾಡುತ್ತಿದ್ದ ಕಡಿತವೂ ಶೇಕಡಾ 3ರಿಂದ 4ಕ್ಕೆ ಏರಿತು. ಬೆನ್ನುನೋವಿನಿಂದಲೋ ಕಣ್ಣಿನ ಮಸುಕಿನಿಂದಲೋ ಬೇಗನೆ ಕೈಬಿಡುವವರು ಈ ಕಸುಬಿನಲ್ಲಿ ವಿರಳರಲ್ಲ; ಈ ಕಡಿತವಾದರೋ ಬದುಕಿರುವವರೆಗೂ ಇರುವಂಥದು.

2014ರ ಸೆಪ್ಟೆಂಬರ್ 1ರಿಂದ ವೇತನದ ಸರಾಸರಿಯನ್ನು ಕೊನೆಯ 12 ತಿಂಗಳುಗಳ ಬದಲು 60 ತಿಂಗಳುಗಳಿಗೆ ತೆಗೆಯುವ ನಿಯಮ ಬಂದಿತು. ಬೀಡಿಯ ಕೂಲಿಯು ತುಟ್ಟಿಭತ್ಯೆಯೊಡನೆ ಏರುವುದರಿಂದ ಐದು ವರ್ಷಗಳ ಸರಾಸರಿಯು ಕೊನೆಯ ವರ್ಷದ್ದಕ್ಕಿಂತ ಸಾಮಾನ್ಯವಾಗಿ ಕಡಮೆ. ಆದರೆ ಇದಕ್ಕೊಂದು ಮರುಪಕ್ಕವುಂಟು. ಬೆರಳು ನಿಧಾನವಾಗಿ ಕೊನೆಯ ವರ್ಷ ಕೂಲಿ ಇಳಿದವಳನ್ನು ದೀರ್ಘಕಾಲದ ಸರಾಸರಿಯೇ ಕೊಂಚ ಕಾಪಾಡಬಹುದು. ಈ ನಿಯಮವನ್ನು ಕೇವಲ ಅನ್ಯಾಯವೆಂದು ತಳ್ಳಿಹಾಕುವವರು ಈ ಸಂದರ್ಭವನ್ನು ಗಮನಿಸಿದಂತಿಲ್ಲ. 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿಯಿತು. ಆ ತೀರ್ಪಿನ ಸುತ್ತ ಪತ್ರಿಕೆಗಳಲ್ಲಿ ನಡೆದ ಚರ್ಚೆಯೆಲ್ಲ 15,000 ರೂಪಾಯಿಯ ಮಿತಿಯನ್ನು ಮೀರಿದ ವೇತನದವರದು. ಬೀಡಿಯವರು ಅದರಲ್ಲಿ ಎಲ್ಲಿಯೂ ಕಾಣಿಸಲಿಲ್ಲ. ಅವರಿಗೆ ಸಂಬಂಧಿಸಿದುದು 2014ರ ಇನ್ನೊಂದು ನಿರ್ಣಯ, ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1,000 ರೂಪಾಯಿಗೆ ನಿಗದಿಪಡಿಸಿದುದು. ಕಟ್ಟುವಾಗ ಕೂಲಿಗೆ ತುಟ್ಟಿಭತ್ಯೆಯುಂಟು. ಕಟ್ಟಿ ಮುಗಿಸಿದ ಮೇಲೆ ಪಿಂಚಣಿಗೆ ಅದಿಲ್ಲ.

ಹೊರದೇಶದ ಒಂದು ಉದಾಹರಣೆಯಿಂದ ನಮ್ಮ ಪರಿಸ್ಥಿತಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಅದೇ 1995ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಹೆಂಗಸರ ಪಿಂಚಣಿಯ ವಯಸ್ಸನ್ನು 60ರಿಂದ 65ಕ್ಕೆ ಕ್ರಮೇಣ ಏರಿಸುವ ಶಾಸನವನ್ನು ಮಾಡಿತು. 2011ರ ಶಾಸನ ಅದನ್ನು ತ್ವರೆಗೊಳಿಸಿತು. 2020ರ ಅಕ್ಟೋಬರಿಗೆ ಅದು ಗಂಡಸರಿಗೂ ಹೆಂಗಸರಿಗೂ 66 ಆಯಿತು. 1950ರ ದಶಕದಲ್ಲಿ ಹುಟ್ಟಿದ ಹೆಂಗಸರು ತಮಗೆ ಸಕಾಲದಲ್ಲಿ ತಿಳಿಸಲಿಲ್ಲವೆಂದು ದೂರಿದರು. ತಿಳಿಸುವುದರಲ್ಲಿ ಲೋಪವಾದುದು ನಿಜವೆಂದು ಅಲ್ಲಿನ ಪಾರ್ಲಿಮೆಂಟಿನ ಓಂಬುಡ್ಸ್‌ಮನ್ 2024ರ ಮಾರ್ಚಿನಲ್ಲಿ ವರದಿಯಿತ್ತರು. ಅಲ್ಲಿ ಬದಲಾದುದು ವಯಸ್ಸು. ಅದು ಎಲ್ಲರ ಕಣ್ಣಿಗೂ ಬೀಳುವಂಥದು. ನಮ್ಮಲ್ಲಿ 58 ಹಾಗೆಯೇ ಉಳಿದು ಒಳಗಿನ ಗಣಿತ ಬದಲಾಯಿತು. ಬ್ರಾಂಚಿನಲ್ಲಿ ಬೀಡಿ ಎಣಿಸಿಕೊಡುವವಳಿಗೆ ಇದು ಗೊತ್ತಾಗುವುದು ಪಿಂಚಣಿಯ ಮೊದಲ ಕಂತು ಬ್ಯಾಂಕಿಗೆ ಬಂದಾಗಲೇ.

ಸೂತ್ರಕ್ಕಿಂತಲೂ ತೊಡಕಾದುದು ಸೇವೆಯ ಎಣಿಕೆ. ಪಿಂಚಣಿಗೆ ಕನಿಷ್ಠ 10 ವರ್ಷ ಸೇವೆ ಬೇಕು. ಆರು ತಿಂಗಳು ಅಥವಾ ಅದಕ್ಕೆ ಮೇಲ್ಪಟ್ಟ ಅವಧಿಯನ್ನು ಒಂದು ವರ್ಷವೆಂದು ಹಿಡಿಯುತ್ತಾರೆ, ಕಡಮೆಯಾದರೆ ಬಿಡುತ್ತಾರೆ. ವಂತಿಗೆಯಿಲ್ಲದ ಅವಧಿ ಸೇವೆಯಲ್ಲಿ ಕಳೆದುಹೋಗುತ್ತದೆ. ಎಲೆ ಸಾಲದೆ ಬ್ರಾಂಚಿನಲ್ಲಿ ಕೆಲಸ ನಿಂತರೆ ಆಕೆಯದೇನು ತಪ್ಪು? ಇದಲ್ಲದೆ, ಹುಡುಗಿಯಾಗಿದ್ದಾಗ ತವರಿನ ಬ್ರಾಂಚಿನಲ್ಲಿ ಒಂದು ಸಂಖ್ಯೆ, ಮದುವೆಯಾಗಿ ವೇಣೂರಿಗೋ ಸಿದ್ಧಕಟ್ಟೆಗೋ ಹೋದ ಮೇಲೆ ಗಂಡನ ಮನೆಯ ಹೆಸರಿನೊಡನೆ ಇನ್ನೊಂದು ಸಂಖ್ಯೆ. ತಾಯಿಯ ಪುಸ್ತಕದಲ್ಲಿಯೇ ಮಗಳೂ ಕಟ್ಟಿ ಕೊಟ್ಟ ಮನೆಗಳುಂಟು. ಅಲ್ಲಿ ಇಬ್ಬರ ದುಡಿಮೆಗೆ ಒಬ್ಬಳದೇ ಸೇವೆ ದಾಖಲಾಗುತ್ತದೆ. ಮಗಳಿಗೆ ಐವತ್ತಾದಾಗ ಆ ವರ್ಷಗಳಿಗೆ ಕಾಗದದಲ್ಲಿ ಸಾಕ್ಷಿಯೇ ಇಲ್ಲ.

ಹಳೆಯ ಸಂಖ್ಯೆಯ ಹಣವನ್ನು ಹಿಂತೆಗೆಯದಿದ್ದರೆ ಎರಡೂ ಸೇವೆಗಳನ್ನು ಜೋಡಿಸಬಹುದು; ಹಿಂತೆಗೆದಿದ್ದರೆ ಆ ಸೇವೆ ಮುಗಿದಂತೆಯೇ. ಆದರೆ ಮದುವೆಯ ಖರ್ಚಿಗೆಂದೋ ಮನೆಗೆ ಹಂಚು ಹೊದಿಸಲೆಂದೋ ನಡುವೆ ಹಣ ತೆಗೆಯದ ಮನೆ ಎಷ್ಟಿದ್ದೀತು? ಪಿಂಚಣಿಯ ಪೂರ್ಣ ಹಿಂತೆಗೆತಕ್ಕೆ ಕೆಲಸ ಬಿಟ್ಟ ಬಳಿಕ ಕಾಯಬೇಕಾದ ಅವಧಿಯನ್ನು 2 ತಿಂಗಳಿಂದ 36 ತಿಂಗಳಿಗೆ ಏರಿಸಬೇಕೆಂದು ನಿಧಿಯ ಕೇಂದ್ರ ಮಂಡಳಿಯು 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿತು. ಸೇವೆ ಚದುರದಂತೆ ಇದು ತಡೆಯಬಹುದು; ಎಂಟೊಂಬತ್ತು ವರ್ಷ ಕಟ್ಟಿ 58ರ ಹೊಸ್ತಿಲಲ್ಲಿ ಕೆಲಸ ಕಳೆದುಕೊಂಡವಳಿಗೆ ಬರಿಯ ಕಾಯುವಿಕೆಯಾಗಬಹುದು. ಹತ್ತು ವರ್ಷ ತುಂಬುವ ಮುನ್ನ ಬಿಟ್ಟವರಿಗೆ 10-ಸಿ ಎಂಬ ನಮೂನೆಯೊಂದುಂಟು. ಅದೇ ನಮೂನೆಯಲ್ಲಿ ಹಣವನ್ನೂ ಕೇಳಬಹುದು, ಸೇವೆಯನ್ನು ಉಳಿಸಿಕೊಡುವ ಯೋಜನಾ ಪ್ರಮಾಣಪತ್ರವನ್ನೂ ಕೇಳಬಹುದು. ಯಾವುದಕ್ಕೆ ಗುರುತು ಹಾಕಬೇಕೆಂಬುದನ್ನು ಹೆಚ್ಚಿನ ಮನೆಗಳಲ್ಲಿ ನಿರ್ಧರಿಸುವವನು ಅರ್ಜಿ ಬರೆದುಕೊಡುವವನು.