ವಾಡೆ, ಹಗೇವು ಮತ್ತು ತಡವಾಗಿ ಬರುವ ಭಯ

ಸೊಲ್ಲಾಪುರದ ನವಿ ಪೇಠದ ಅಂಗಡಿಸಾಲಿನಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಯಾವ ಭಾಷೆಯವರನ್ನು ಕೇಳಿದರೂ ‘ದೆವ್ವದ ಪಿಚ್ಚರ್’ ಅಂದರೆ ಬಿಳಿ ಸೀರೆ, ಕಿರ್ರೆನ್ನುವ ಬಾಗಿಲು, ಎದೆ ಝಲ್ಲೆನಿಸುವ ಸದ್ದು. ಇನ್ನೊಂದು ಬಗೆಯ ಚಿತ್ರಗಳಿವೆ. ಅವುಗಳಲ್ಲಿ ಬಹಳ ಹೊತ್ತು ಏನೂ ಆಗುವುದಿಲ್ಲ. ಮಳೆ ಸುರಿಯುತ್ತದೆ, ಯಾರೋ ದೀಪ ಹಚ್ಚುತ್ತಾರೆ, ಆ ಕೋಣೆಗೆ ಹೋಗಬೇಡ ಅಂತ ತಾಯಿ ಮಗನಿಗೆ ಹೇಳುತ್ತಾಳೆ. ಕಥೆ ನಡೆಯುವುದು ನಮ್ಮ ಅಜ್ಜನ ಕಾಲದಲ್ಲೋ ಅದಕ್ಕೂ ಹಿಂದೆಯೋ. ಪ್ರೇಕ್ಷಕ ಕೂತಲ್ಲೇ ಬೆವರುತ್ತಾನೆ. ಯಾಕೆ?

ಮಹಾರಾಷ್ಟ್ರದ ನೆಲದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ರಾಹಿ ಅನಿಲ್ ಬರ್ವೆ ನಿರ್ದೇಶಿಸಿದ ‘ತುಂಬಾಡ್’ 2018ರ ಅಕ್ಟೋಬರ್ 12ರಂದು ತೆರೆಕಂಡಿತು. ಕಥೆಗೆ ಮೂರು ಕಾಲ: 1918, 1933, 1947. ಕೊಂಕಣದ ಒಂದು ಹಳ್ಳಿ, ಅಲ್ಲೊಂದು ಪಾಳು ವಾಡೆ, ವಾಡೆಯ ತಳದಲ್ಲಿ ಹಸ್ತರ್ ಎಂಬ ಶಾಪಗ್ರಸ್ತ ದೇವರು. ನಿಜವಾದ ಮಳೆಗಾಲಕ್ಕಾಗಿ ಕಾದು, ವರ್ಷ ವರ್ಷ ಹೋಗಿ ಚಿತ್ರೀಕರಿಸಿದ್ದರಿಂದ ಪರದೆಯಿಂದ ತೇವದ ವಾಸನೆಯೇ ಬಂದಂತಾಗುತ್ತದೆ. (ನಮ್ಮ ಬರಗಾಲದ ಸೀಮೆಯವರಿಗೆ ಅಷ್ಟು ಮಳೆ ಕಂಡರೆ ಭಯಕ್ಕಿಂತ ಹೊಟ್ಟೆಕಿಚ್ಚು ಹೆಚ್ಚು.) ಹಸ್ತರನ ಬಳಿ ಎಂದೂ ಮುಗಿಯದ ಚಿನ್ನವಿದೆ, ಆದರೆ ಒಂದು ಕಾಳು ಧಾನ್ಯವಿಲ್ಲ. ಆದ್ದರಿಂದ ಕಥಾನಾಯಕ ವಿನಾಯಕ ಹಿಟ್ಟಿನ ಗೊಂಬೆ ಹಿಡಿದು ಹಗ್ಗದಲ್ಲಿ ಕೆಳಗಿಳಿಯುತ್ತಾನೆ. ಹಸಿದ ದೇವರು ಹಿಟ್ಟಿನ ಮೇಲೆ ಬೀಳುವಷ್ಟರಲ್ಲಿ ಇವನು ನಾಣ್ಯ ದೋಚಬೇಕು.

ಈ ಇಳಿಯುವ ದೃಶ್ಯ ಸೊಲ್ಲಾಪುರ, ವಿಜಯಪುರ, ಕಲಬುರಗಿ ಕಡೆಯ ಹಿರಿಯರಿಗೆ ಪರಿಚಿತ. ಅವರು ಹಗೇವು ಬಲ್ಲವರು. ಬಾಯಿ ಕಿರಿದು, ಹೊಟ್ಟೆ ಹಿರಿದಾದ ನೆಲದೊಳಗಿನ ಕಣಜ ಅದು. ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಒಳಗಿನ ಕಾಳು ಉಸಿರಾಡುತ್ತಲೇ ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ಹುಳು ಬದುಕುವುದಿಲ್ಲ. ಅವಸರಪಟ್ಟು ಇಳಿದ ಮನುಷ್ಯನೂ ಅಷ್ಟೆ. “ಬಾಯಿ ತೆಗೆದ ಕೂಡ್ಲೆ ಇಳೀಬ್ಯಾಡ, ಗಾಳಿ ಆಡ್ಲಿ” ಅನ್ನುತ್ತಿದ್ದರು. ಮೊದಲು ದೀಪ ಇಳಿಬಿಡುವುದು. ದೀಪ ಆರಿದರೆ ಯಾರೂ ಇಳಿಯುವ ಹಾಗಿಲ್ಲ. ಕತ್ತಲ ಬಾಯಿಯ ಸುತ್ತ ನಿಂತು, ಕೆಳಗೆ ಇಳಿಯುತ್ತಿರುವ ದೀಪವನ್ನೇ ನೋಡುತ್ತ ಕಾಯುವ ಆ ಹೊತ್ತಿದೆಯಲ್ಲ, ಈ ಬಗೆಯ ಸಿನಿಮಾದ ಕಸುಬೆಲ್ಲ ಅದರಲ್ಲೇ ಇದೆ.

ಹಗೇವು ಇದ್ದದ್ದೇ ಬರದ ಭಯಕ್ಕೆ. 1876–78ರ ಕ್ಷಾಮ ಸೊಲ್ಲಾಪುರ ಜಿಲ್ಲೆಯನ್ನು ಹಿಂಡಿಹಾಕಿತ್ತು. ಹಳೆಯ ಕಾಲದ ಭಯಚಿತ್ರಗಳನ್ನು ಸ್ವಲ್ಪ ಕೆದಕಿ ನೋಡಿ, ಅಡಿಯಲ್ಲಿ ಹಸಿವು ಸಿಗುತ್ತದೆ. ಹಸಿವು ಒಂದೇ ಏಟಿಗೆ ಕೊಲ್ಲುವುದಿಲ್ಲ, ಹಾಗಾಗಿ ಚಿತ್ರವೂ ಅವಸರ ಮಾಡುವುದಿಲ್ಲ. ರಾಹುಲ್ ಸದಾಶಿವನ್ ಅವರ ಮಲಯಾಳಂ ‘ಭ್ರಮಯುಗಂ’ (2024) 17ನೆಯ ಶತಮಾನದ ಕಥೆ, ಪೂರ್ತಿ ಕಪ್ಪು-ಬಿಳುಪು. ದಾರಿ ತಪ್ಪಿ ಹಸಿದ ಹಾಡುಗಾರನೊಬ್ಬ ಹಳೆಯ ಮನೆಗೆ ಬರುತ್ತಾನೆ. ಅಲ್ಲಿ ಊಟ ಸಿಗುತ್ತದೆ, ಹೊರಗೆ ಹೋಗುವ ದಾರಿ ಸಿಗುವುದಿಲ್ಲ.

ಕನ್ನಡದಲ್ಲಿ? ಪಟ್ಟಾಭಿರಾಮ ರೆಡ್ಡಿ ಅವರ ‘ಸಂಸ್ಕಾರ’ವನ್ನು (1970) ಯಾರೂ ಭಯಚಿತ್ರ ಅನ್ನುವುದಿಲ್ಲ. ನಾನು ಅನ್ನುತ್ತೇನೆ. ಅಗ್ರಹಾರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ. ಸಂಸ್ಕಾರ ಮಾಡುವವರು ಯಾರು ಎಂಬುದು ತೀರ್ಮಾನವಾಗದೆ ಯಾರೂ ಉಣ್ಣುವಂತಿಲ್ಲ. ಇಲಿ ಸಾಯುತ್ತವೆ, ರಣಹದ್ದು ಬಂದು ಕೂರುತ್ತವೆ, ಹೆಣ ನಾರುತ್ತದೆ. ಪ್ಲೇಗ್ ಎಂದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಮುತ್ತಜ್ಜಂದಿರ ಕಥೆ ಕೇಳಿ ಬೆಳೆದವರಿಗೆ ಇಲ್ಲಿ ದೆವ್ವದ ಅಗತ್ಯವೇ ಬೀಳುವುದಿಲ್ಲ.

ಇಂದಿನ ಕಥೆಯಾದರೆ ‘ಮನೆ ಬಿಟ್ಟು ಓಡಬಾರದೇ?’ ಎಂದು ಕೇಳುತ್ತೇವೆ. ಅಂದಿನವರನ್ನು ಮಡಿ, ಸಾಲ, ವತನ, ವಂಶ ಕಟ್ಟಿಹಾಕಿದ್ದವು. ಅವರು ಯಾಕೆ ಓಡಲಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ‘ತುಂಬಾಡ್’ನ ಮೂರನೆಯ ಭಾಗದಲ್ಲಿ ಸ್ವಾತಂತ್ರ್ಯ ಬಂದಿದೆ, ವಾಡೆ ಸರ್ಕಾರದ ಪಾಲಾಗಲಿದೆ, ಆದರೂ ಅಪ್ಪ ಮಗನನ್ನು ಅದೇ ಗುಂಡಿಗೆ ಇಳಿಸುತ್ತಾನೆ. ಮರುವರ್ಷವೇ, 1948ರಲ್ಲಿ, ಇತ್ತ ಸೊಲ್ಲಾಪುರದ ಪಕ್ಕದ ಅಕ್ಕಲಕೋಟೆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಒಡೆತನ ಹೋದ ಮೇಲೂ ಹೋಗದ ಆಸೆಯನ್ನು ಈ ಸೀಮೆಯವರಿಗೆ ಬೇರೆ ಯಾರೂ ಪರಿಚಯಿಸಬೇಕಿಲ್ಲ.

ಕನ್ನಡದ್ದೇ ‘ಆಪ್ತಮಿತ್ರ’ದ (2004) ನಾಗವಲ್ಲಿಗೂ ಹಳೆಯ ಅರಮನೆಯಿದೆ, ಒಳ್ಳೆಯ ಹಿನ್ನೆಲೆಯಿದೆ, ಆದರೆ ನಡುನಡುವಿನ ಹಾಸ್ಯ ಭಯವನ್ನು ಕುದಿಯಲು ಬಿಡುವುದಿಲ್ಲ. ಪ್ರೇಕ್ಷಕರಿಗೆ ತಾಳ್ಮೆಯಿಲ್ಲ ಎಂಬ ನೆಪ ಇನ್ನು ನಡೆಯುವುದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ‘ತುಂಬಾಡ್’ ಮತ್ತೆ ತೆರೆಕಂಡಾಗ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ಕನ್ನಡದ ನಿರ್ದೇಶಕರು ಒಮ್ಮೆ ಈ ಕಡೆ ಬರಲಿ. ಬಿದ್ದ ವಾಡೆಗಳಿವೆ, ಮುಚ್ಚಿದ ಹಗೇವುಗಳಿವೆ, ಅವುಗಳ ಕಥೆಯನ್ನು ಕನ್ನಡದಲ್ಲೇ ಹೇಳಬಲ್ಲ ಮುದುಕರು ಇನ್ನೂ ಇದ್ದಾರೆ.